ಸಂಡಿಗೆ ಕಾಯುತ್ತಿದ್ದ ದಿವಂಗತರು

ಒಬ್ಬ ಮನುಷ್ಯ ಸತ್ತನೆಂಬ ಸುದ್ದಿ ಮೊಬೈಲಿಗೆ ಬಂದಾಗ, ಜೋಡಿಸಿದ ಎರಡು ಕೈಗಳ ಚಿತ್ರವೊಂದನ್ನು ಹೆಬ್ಬೆರಳಿನಿಂದ ಒತ್ತಿ ಕಳುಹಿಸಿ, ಅದೇ ಹೆಬ್ಬೆರಳಿನಿಂದ ಉಪ್ಪಿನಕಾಯಿಯನ್ನು ನೆಕ್ಕುತ್ತ ಊಟ ಮುಂದುವರಿಸಿದವರು ನೀವೇ ಅಲ್ಲವೇ? ತಲೆ ತಗ್ಗಿಸಬೇಡಿ. ನಿಮ್ಮೊಬ್ಬರನ್ನೇ ದೂರುತ್ತಿಲ್ಲ, ಇಡೀ ಮಾರೇನಹಳ್ಳಿಯನ್ನು ದೂರುತ್ತಿದ್ದೇನೆ. ಕಳೆದ ಚೈತ್ರದಲ್ಲಿ, ಬಿಸಿಲು ಡಾಂಬರು ರಸ್ತೆಯನ್ನು ಹದವಾಗಿ ಬೇಯಿಸುತ್ತಿದ್ದ ಒಂದು ಮಧ್ಯಾಹ್ನ, ನಮ್ಮ ಕ್ರಾಸಿನಲ್ಲಿ ಕಣ್ಣೀರಿಗೆ ಎಂಥ ಬರ ಬಂದಿತ್ತೆಂಬುದನ್ನು ಎದುರು ಮನೆಯವನಾಗಿ ಕಣ್ಣಾರೆ ಕಂಡವನು ನಾನು. ಕಾಣದೆ ಹೋದದ್ದನ್ನು ಆ ಮನೆಯವರ ಬಾಯಿಂದಲೇ ಕೇಳಿ ತಿಳಿದವನು. ಕಾವೇರಿ ನೀರು ಬಾರದಿದ್ದರೆ ಟ್ಯಾಂಕರ್ ತರಿಸಬಹುದು. ಕಣ್ಣೀರಿಗೆ ಟ್ಯಾಂಕರ್ ಇಲ್ಲ.

ಈ ಬರವನ್ನು ಬಯಲಿಗೆಳೆದವರು ನಮ್ಮ ಭೈರೇಶ್. ಮಾರೇನಹಳ್ಳಿ ನಿಜವಾಗಿಯೂ ಹಳ್ಳಿಯಾಗಿದ್ದ ಕಾಲದಲ್ಲಿ ಇಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ ಅವರದು. ಈಗ ಆ ಹೊಲದ ಮೇಲೆ ಬೇಕರಿ, ಬ್ಯೂಟಿ ಪಾರ್ಲರ್, ಮೊಬೈಲ್ ರಿಪೇರಿ ಅಂಗಡಿಗಳು ಬೆಳೆದು ನಿಂತಿವೆ; ಮನೆತನಕ್ಕೆ ಉಳಿದಿರುವುದು ಒಂದು ಮನೆ, ಅದರ ಮೇಲೊಂದು ತಾರಸಿ. ಸಹಕಾರ ಸಂಘವೊಂದರಲ್ಲಿ ಮೇಲ್ವಿಚಾರಕರಾಗಿದ್ದು ನಿವೃತ್ತರಾದ ಭೈರೇಶ್ ಸ್ವಭಾವತಃ ಸಜ್ಜನರು. ಅವರಲ್ಲಿದ್ದ ದೋಷ ಒಂದೇ: ಊರೆಲ್ಲ ತಮ್ಮನ್ನು ಪ್ರಾಣದಂತೆ ಪ್ರೀತಿಸುತ್ತದೆ ಎಂಬ ಅಚಲ ನಂಬಿಕೆ.

"ನಾನು ಹೋದ ದಿವಸ ಪೈಪ್‌ಲೈನ್ ರೋಡಲ್ಲಿ ಒಂದು ಅಂಗಡಿನೂ ಬಾಗಿಲು ತೆಗ್ಯಲ್ಲ. ನೋಡ್ತಾ ಇರಿ" ಎಂದು ಅವರು ಕಾಫಿ ಕುಡಿಯುವಾಗಲೆಲ್ಲ ಹೇಳುತ್ತಿದ್ದರು.

"ನೋಡೋಕೆ ನೀವೇ ಇರಲ್ವಲ್ಲಾ, ಅದೇ ಬೇಜಾರು" ಎನ್ನುತ್ತಿದ್ದರು ಅವರ ಪತ್ನಿ ಲತಾ.

ವಿಧಿಯು ಈ ಸಂಭಾಷಣೆಯನ್ನು ಎಲ್ಲೋ ಕುಳಿತು ಕೇಳಿಸಿಕೊಳ್ಳುತ್ತಿತ್ತೆಂದು ತೋರುತ್ತದೆ.

ಭೈರೇಶ್ ಅವರ ಮನೆಗೂ ಪಕ್ಕದ ಗಂಗಾಧರಯ್ಯನವರ ಮನೆಗೂ ನಡುವೆ, ಪಾದಚಾರಿ ದಾರಿಯ ಮೇಲೆ, ಒಂದು ಹೊಂಗೆ ಮರವಿದೆ. ಇಡೀ ಕ್ರಾಸಿಗೆ ಇರುವುದು ಅದೊಂದೇ ನೆರಳು. ಬೇಸಿಗೆ ಬಂತೆಂದರೆ ಈ ನೆರಳಿಗಾಗಿ ಎರಡು ಮನೆಗಳ ನಡುವೆ ಪ್ರತಿದಿನ ಬೆಳಗ್ಗೆ ಒಂದು ಯುದ್ಧ ನಡೆಯುತ್ತದೆ. ಭೈರೇಶ್ ಅವರದು ಸ್ಕೂಟರ್, ಗಂಗಾಧರಯ್ಯನವರದು ಕಾರು. ಯಾರು ಮೊದಲು ಎದ್ದರೋ ನೆರಳು ಅವರದು. ಬೈಗುಳ ಮಾತ್ರ ಇಬ್ಬರಿಗೂ ಸಮಪಾಲು. ನಾನು ಹೇಳಹೊರಟಿರುವ ದಿನವೂ ಬೆಳಗ್ಗೆ ಹೀಗೆಯೇ ಆಗಿತ್ತು.

"ರೀ ಭೈರೇಶ್, ಮರದ ಬೇರು ನಮ್ಮ ಗೇಟಿನ ಕಲ್ಲನ್ನೇ ಎತ್ತಿಹಾಕಿದೆ. ಬೇರು ನಮಗೆ, ನೆರಳು ನಿಮಗಾ? ಇದ್ಯಾವ ನ್ಯಾಯ ಕಣ್ರೀ?"

"ನೆರಳು ಭಗವಂತ ಕೊಟ್ಟಿದ್ದು ಸಾರ್."

"ಹಾಗಾದ್ರೆ ಭಗವಂತನೇ ತನ್ನ ಸ್ಕೂಟರ್ ನಿಲ್ಲಿಸ್ಲಿ. ನಿಮ್ದು ತೆಗೀರಿ!"

ಭೈರೇಶ್ ತೆಗೆಯಲಿಲ್ಲ. ಗಂಗಾಧರಯ್ಯನವರು ಕಾರಿನ ಬಾಗಿಲನ್ನು ಬೀದಿಗೆಲ್ಲ ಕೇಳುವಂತೆ ಬಡಿದು, ಪತ್ನಿ ಗಿರಿಜಾದೇವಿಯವರನ್ನು ಕೂರಿಸಿಕೊಂಡು, ಬಿನ್ನಿಪೇಟೆಯಲ್ಲಿ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೊರಟುಹೋದರು. ಕ್ರಾಸಿನಲ್ಲಿ ಶಾಂತಿ ನೆಲೆಸಿತು. ಎಲ್ಲ ಅನಾಹುತಗಳೂ ಇಂಥ ಶಾಂತಿಯಲ್ಲಿಯೇ ಹುಟ್ಟುತ್ತವೆ.

ಭೈರೇಶ್ ಅವರ ತಾಯಿ ಬೋರಮ್ಮನವರು ಪ್ರತಿ ಬೇಸಿಗೆಯಲ್ಲೂ ಅರಳು ಸಂಡಿಗೆ ಇಡುತ್ತಾರೆ. ಬೂದುಗುಂಬಳ ತುರಿದು, ಅರಳು ಕಲಸಿ, ತಾರಸಿಯ ಮೇಲೆ ಬಿಳಿ ಪಂಚೆ ಹಾಸಿ ಅವರು ಇಟ್ಟ ಸಂಡಿಗೆಯ ಸಾಲುಗಳನ್ನು ನೋಡಿದರೆ ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳ ನೆನಪಾಗುತ್ತದೆ. ನಿವೃತ್ತಿಯ ನಂತರ ಅದನ್ನು ಕಾಗೆಗಳಿಂದ ಕಾಯುವ ಅಧಿಕಾರ ಭೈರೇಶ್ ಅವರಿಗೆ ದೊರೆತಿತ್ತು.

"ಛತ್ರಿ ಹಿಡ್ಕಂಡು ಹೋಗ್ಲಾ ಮಗಾ. ಹೊಂಗೆ ಮರದಾಗೆ ಕಾಗೆ ಮರಿ ಮಾಡೈತೆ. ಹತ್ರ ಹೋದೋರ ತಲೆ ಕುಕ್ತದೆ" ಎಂದು ಬೋರಮ್ಮನವರು ಎಚ್ಚರಿಸಿದರು.

"ಅವ್ವಾ, ಛತ್ರಿ ಎಲ್ಲಾ ಹಳೇ ಕಾಲದ್ದು. ಈಗ ಟೆಕ್ನಾಲಜಿ ಇದೆ" ಎಂದರು ಭೈರೇಶ್. ಮಗಳು ಸ್ಪಂದನಳ ಹಳೆಯ ಸಿ.ಡಿ.ಗಳನ್ನು ದಾರಕ್ಕೆ ಪೋಣಿಸಿ ತಾರಸಿಯ ಸುತ್ತ ತೋರಣ ಕಟ್ಟಿದರು. ಹೊಳಪಿಗೆ ಬೆದರಿ ಕಾಗೆಗಳು ಓಡಿಹೋಗುತ್ತವೆಂದು ಮೊಬೈಲಿನಲ್ಲಿ ಯಾರೋ ಹೇಳಿದ್ದರು. ಕಾಗೆ ಓಡಲಿಲ್ಲ. ಅದು ಸಿ.ಡಿ.ಯ ಎದುರಿಗೆ ಕುಳಿತು ತನ್ನ ಮುಖವನ್ನು ಎಡದಿಂದಲೂ ಬಲದಿಂದಲೂ ನೋಡಿಕೊಂಡಿತು, ರೆಕ್ಕೆ ತಿದ್ದಿಕೊಂಡಿತು, ಆಮೇಲೆ, ಅಲಂಕಾರ ಮುಗಿಯಿತೆಂಬಂತೆ ಹಾರಿಬಂದು, ಬರಿದಲೆಯಲ್ಲಿ ನಿಂತಿದ್ದ ಭೈರೇಶ್ ಅವರ ನೆತ್ತಿಗೆ ಸರಿಯಾಗಿ ಒಂದು ಕುಟುಕು ಕೊಟ್ಟಿತು.

ಕಾಗೆ ತಲೆ ಮುಟ್ಟಿದರೆ ಮೃತ್ಯುವಿನ ಸೂಚನೆಯೆಂದು ನಮ್ಮ ಹಿರಿಯರು ನಂಬುತ್ತಾರೆ. ಅದಕ್ಕೆ ಪರಿಹಾರವನ್ನೂ ಅವರೇ ಹೇಳಿದ್ದಾರೆ. ಮುಟ್ಟಿಸಿಕೊಂಡವನು ಸತ್ತನೆಂದು ಒಬ್ಬ ನೆಂಟರಿಗೋ ಸ್ನೇಹಿತರಿಗೋ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ಅದನ್ನು ನಂಬಿ, ಮನಸಾರೆ ಅಳಬೇಕು. ಅತ್ತರೆ ಸಾವು ಸಂದಾಯವಾದಂತೆ. ಕೂಡಲೇ ನಿಜ ಹೇಳಿ, ಅತ್ತವರ ಬಾಯಿಗೆ ಬೆಲ್ಲ ಹಾಕಬೇಕು. ಇದು ಮೌಢ್ಯವೆಂದು ನೀವು ಹೇಳುವಿರಿ. ಇರಬಹುದು. ಆದರೆ ಸತ್ತರೆ ಅಳುವವರೊಬ್ಬರು ಇದ್ದಾರೆಯೇ ಎಂದು ಮನುಷ್ಯ ಬದುಕಿರುವಾಗಲೇ ಪರೀಕ್ಷಿಸುವ ಇನ್ನೊಂದು ಪರೀಕ್ಷೆಯನ್ನು ನಿಮ್ಮ ಯಾವ ವಿದ್ಯಾಲಯ ನಡೆಸುತ್ತದೆ?

ಭೈರೇಶ್ ಅವರನ್ನು ಮೊದಲು ತಣ್ಣೀರಿನ ಸ್ನಾನಕ್ಕೆ ಕಳುಹಿಸಲಾಯಿತು. ತಾರಸಿಯ ಟ್ಯಾಂಕಿನ ನೀರು ಅನ್ನ ಬೇಯುವಷ್ಟು ಕಾದಿತ್ತಾದ್ದರಿಂದ ಅವರು ಸ್ನಾನದ ಮನೆಯಲ್ಲಿ ಕೂಗಿದ ಕೂಗು ಆ ದಿನದ ಮೊದಲ ಪ್ರಾಮಾಣಿಕ ರೋದನವಾಗಿತ್ತು. ಹೊರಬರುವಷ್ಟರಲ್ಲಿ ಬೋರಮ್ಮನವರು ದೇವರ ಮನೆಯ ಹೊಸ್ತಿಲ ಮೇಲೆ ಕುಳಿತುಬಿಟ್ಟಿದ್ದರು.

"ಯಾರಾನಾ ಒಬ್ರು ನಿನಗೋಸ್ಕರ ಕಣ್ಣೀರು ಹಾಕೋಗಂಟ ನಾನು ಹನಿ ನೀರು ಮುಟ್ಟಕ್ಕಿಲ್ಲ ಕಣ್ಲಾ."

"ಅತ್ತೆ, ನಿಮಗೆ ಶುಗರ್ ಇದೆ. ಊಟ ಮಾಡಿ ಮಾತ್ರೆ ತಗೊಳ್ಬೇಕು" ಎಂದರು ಲತಾ.

"ಮಗನೇ ಇಲ್ದಿದ್ಮ್ಯಾಲೆ ಶುಗರ್ ಕಟ್ಕಂಡು ಏನ್ ಮಾಡ್ಲವ್ವಾ?"

ಮಗ ಎದುರಿಗೇ ತಲೆ ಒರೆಸಿಕೊಳ್ಳುತ್ತ ನಿಂತಿದ್ದ. ಆದರೆ ಎಂಬತ್ತು ದಾಟಿದ ಮುದುಕಿಯ ಭಯದೆದುರು ಪ್ರತ್ಯಕ್ಷ ಸಾಕ್ಷ್ಯಕ್ಕೆ ಬೆಲೆಯಿಲ್ಲ. ಹೊರಗೆ ಬೆಂಕಿಯಂಥ ಬಿಸಿಲು. ಒಳಗೆ ಉಪವಾಸ ಕುಳಿತ ತಾಯಿ. ಈಗ ಬೇಕಾದದ್ದು ಒಂದೇ: ಒಬ್ಬ ಮನುಷ್ಯನ ಒಂದು ಹನಿ ನಿಜವಾದ ಕಣ್ಣೀರು. ಇದೇನು ಮಹಾ ಎಂದುಕೊಂಡರು ಭೈರೇಶ್.

ಬ್ಯಾಡರಹಳ್ಳಿಯಲ್ಲಿದ್ದ ಬೋರಮ್ಮನವರ ತಂಗಿ ಚಿಕ್ಕಗಂಗಮ್ಮ ಅಳುವಿಕೆಯಲ್ಲಿ ಖ್ಯಾತನಾಮರು. ಯಾರದೋ ಮನೆಯ ಹಸು ಸತ್ತಾಗಲೂ ಮಾಗಡಿ ರಸ್ತೆಯ ಬಸ್ಸುಗಳು ನಿಲ್ಲುವಂತೆ ಅತ್ತವರು. ಬೋರಮ್ಮನವರು ಅವರಿಗೇ ಫೋನ್ ಹಚ್ಚಿಸಿದರು.

"ಚಿಕ್ಕಗಂಗೀ... ನಮ್ಮ ಭೈರೇಶ ಹೋಗ್ಬಿಟ್ಟ ಕಣೇ!"

ಮನೆಯವರೆಲ್ಲ ಆಸೆಯಿಂದ ಫೋನಿನ ಸುತ್ತ ಬಾಗಿದರು.

"ಅಕ್ಕಾ, ಈಗ ಅಳಂಗಿಲ್ಲ ಕಣಕ್ಕಾ."

"ಯಾಕೇ?"

"ಮೊನ್ನೆ ತಾನೇ ಕಣ್ಣಿನ ಪೊರೆ ತೆಗ್ಸಿವ್ನಿ. ಹಸಿರು ಪಟ್ಟಿ ಕಟ್ಟವ್ರೆ. ಕಣ್ಣಾಗೆ ನೀರು ಬಂದ್ರೆ ಕೆಟ್ಟೋಯ್ತದೆ ಅಂದವ್ರೆ ಡಾಕ್ಟ್ರು. ಹೊಟ್ಟೆ ಒಳ್ಗೇ ಅಳ್ತಾ ಇವ್ನಿ ಕಣಕ್ಕಾ. ತಿಥಿಗೆ ಬಂದು ಬಾಕಿನೆಲ್ಲಾ ಸೇರ್ಸಿ ಅತ್ತುಬಿಡ್ತೀನಿ, ಬೇಜಾರ್ ಮಾಡ್ಕಬ್ಯಾಡ."

ಹೊಟ್ಟೆಯೊಳಗಿನ ಅಳು ಶಾಸ್ತ್ರಕ್ಕೆ ಸಲ್ಲುವುದಿಲ್ಲ. "ಸತ್ತಿಲ್ಲ ಬಿಡೇ, ಕಾಗೆ ಮುಟ್ಟೈತೆ ಅಷ್ಟೇ. ಕಣ್ಣು ಜ್ವಾಪಾನ" ಎಂದು ಬೋರಮ್ಮನವರು ಫೋನ್ ಇಟ್ಟರು.

ಮುಂದಿನ ಕರೆ ಕೆಂಗೇರಿಯಲ್ಲಿದ್ದ ಮಹೇಶ್ ಅವರಿಗೆ. ಭೈರೇಶ್ ಅವರ ಜೊತೆ ಒಂದೇ ಮೇಜಿನಲ್ಲಿ ಊಟದ ಡಬ್ಬಿ ಹಂಚಿಕೊಂಡಿದ್ದ ಸಹೋದ್ಯೋಗಿ. ಲತಾ ನಡುಗುವ ಧ್ವನಿಯಲ್ಲಿ ಸುದ್ದಿ ಹೇಳಿದರು.

"ಅಯ್ಯಯ್ಯೋ! ಛೆ ಛೆ! ಬಾಡಿ ಎಷ್ಟೊತ್ತಿನವರೆಗೂ ಇರುತ್ತೆ ಮೇಡಂ? ಏನಿಲ್ಲ, ಸ್ವಲ್ಪ ಬಿಸಿಲು ಇಳಿದ ಮೇಲೆ ಮೆಟ್ರೋದಲ್ಲಿ ಬರೋಣ ಅಂತ."

ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದ ಭೈರೇಶ್ ಅವರ ಮುಖ ಕೆಂಪಾಯಿತು. "ಬಿಸಿಲು ಇಳಿದ ಮೇಲಾ? ಅವನ ಮಗಳ ಮದುವೇಲಿ ಪಾಯಸದ ಬಕೆಟ್ ಹಿಡ್ಕೊಂಡು ಬೆನ್ನು ಮುರ್ಕೊಂಡಿದೀನಿ ನಾನು! ಬೇಡ, ಒಬ್ಬೊಬ್ಬರನ್ನ ಬೇಡೋದೇ ಬೇಡ. ಸ್ಪಂದನಾ, ನಮ್ಮ ಕ್ರಾಸಿನ ಗ್ರೂಪಿಗೆ ಹಾಕು. ಊರಿಗೆ ಊರೇ ಅಳುತ್ತೆ."

ಗಮನಿಸಿ, ಅನಾಹುತ ಶುರುವಾದದ್ದು ಇಲ್ಲಿಂದ. ಒಬ್ಬರ ಕಿವಿಯಲ್ಲಿ ಹೇಳಬೇಕಾದ ಸುಳ್ಳನ್ನು ಊರಿನ ಮುಂದೆ ಹೇಳಲು ಹೊರಟರು. ಅದೂ ಸ್ವಹಸ್ತದಿಂದ ಅಲಂಕರಿಸಿ. ತಮ್ಮ ಮರಣವಾರ್ತೆಯನ್ನು ಭೈರೇಶ್ ಅವರೇ ನಿಂತು ಹೇಳಿ ಬರೆಸಿದರು.

"ಬರ್ಕೋ. ಸರಳ ಸಜ್ಜನ, ಕೊಡುಗೈ ದಾನಿ, ಅಜಾತಶತ್ರು..."

"ಅಪ್ಪಾ, ಬೆಳಗ್ಗೆ ತಾನೇ ಪಕ್ಕದ್ಮನೆ ಅಂಕಲ್ ಜೊತೆ ಬೀದೀಲಿ ಕಿತ್ತಾಡಿದೀರಾ. ಅಜಾತಶತ್ರು ಅಂದ್ರೆ ನೀವು ಸತ್ತಿರೋದನ್ನೂ ಯಾರೂ ನಂಬಲ್ಲ."

"ಸರಿ, ಅದೊಂದು ಬಿಡು. ಫೋಟೋ ಒಳ್ಳೇದು ಹಾಕು. ಕೋಟ್ ಹಾಕಿರೋದು."

ಕೋಟಿನ ಚಿತ್ರದೊಂದಿಗೆ ಸುದ್ದಿ ಹೊರಟಿತು. ಭೈರೇಶ್ ಕನ್ನಡಕ ಏರಿಸಿ, ಕಣ್ಣೀರಿನ ಪ್ರವಾಹಕ್ಕೆ ಸಿದ್ಧರಾಗಿ ಕುಳಿತರು. ಜೋಡಿಸಿದ ಕೈಗಳು ಬಂದವು. ಮತ್ತೆ ಕೈಗಳು. ಕೈಗಳ ಮೇಲೆ ಕೈಗಳು. ಒಬ್ಬರು 'ಓಂ ಶಾಂತಿ' ಎಂದರು. ಸುದ್ದಿ ಓದದೆ ಕೋಟನ್ನಷ್ಟೇ ನೋಡಿದ ಇನ್ನೊಬ್ಬರು, 'ಹುಟ್ಟುಹಬ್ಬದ ಶುಭಾಶಯಗಳು ಸಾರ್, ನೂರ್ಕಾಲ ಬಾಳಿ' ಎಂದು ಹಾರೈಸಿದರು. ಮತ್ತೊಬ್ಬರು ಹೆಬ್ಬೆರಳನ್ನು ಮೇಲೆತ್ತಿ ಒಪ್ಪಿಗೆ ಸೂಚಿಸಿದರು. ಅದರ ಕೆಳಗೆ ಯಾರೋ, 'ಇವತ್ತು ಕಾವೇರಿ ಬಿಡ್ತಾರಾ, ಯಾರಿಗಾದ್ರೂ ಗೊತ್ತಾ?' ಎಂದು ಕೇಳಿದ್ದೇ ತಡ, ಇಡೀ ಗುಂಪು ಭೈರೇಶ್ ಅವರನ್ನು ಅಲ್ಲಿಯೇ ಬಿಟ್ಟು ನೀರಿನ ಹಿಂದೆ ಓಡಿತು.

"ಅಪ್ಪಾ, ಯಾರೂ ಅಳ್ತಿಲ್ಲ" ಎಂದಳು ಸ್ಪಂದನ.

"ಮೊಬೈಲಲ್ಲಿ ಗೊತ್ತಾಗಲ್ಲ ಕಣೇ. ಮನೇಲಿ ಕೂತು ಅಳ್ತಿರ್ತಾರೆ."

ಮನೆಯಲ್ಲಿ ಕುಳಿತು ಯಾರೂ ಅಳುತ್ತಿರಲಿಲ್ಲವೆಂಬುದು ಸ್ವಲ್ಪ ಹೊತ್ತಿನಲ್ಲಿಯೇ ತಿಳಿಯಿತು. ಏಕೆಂದರೆ ಅವರೆಲ್ಲ ಭೈರೇಶ್ ಅವರ ಮನೆಯ ಮುಂದೆ ಬಂದು ನಿಂತರು. ಮುಂದಾಳು ಅಮರೇಶ. ಮುಂದಿನ ಚುನಾವಣೆಯಲ್ಲಿ ವಾರ್ಡಿಗೆ ನಿಲ್ಲುವ ಆಸೆಯುಳ್ಳ ಈ ಯುವಕ ಬೇಸಿಗೆಯ ಪ್ರಯುಕ್ತ ಕ್ರಾಸಿನ ಮೂಲೆಯಲ್ಲಿ ಉಚಿತ ಮಜ್ಜಿಗೆ ಹಂಚುತ್ತಿದ್ದ. ಸುದ್ದಿ ತಿಳಿದದ್ದೇ ಆ ಶಾಮಿಯಾನವನ್ನು ಕಂಬಸಮೇತ ಎತ್ತಿಸಿಕೊಂಡು ಬಂದು ಭೈರೇಶ್ ಅವರ ಗೇಟಿಗೆ ನೆಡಿಸಿದ. ಹಿಂದೆಯೇ ಬಂತು ಫ್ಲೆಕ್ಸ್. 'ಭಾವಪೂರ್ಣ ಶ್ರದ್ಧಾಂಜಲಿ' ಎಂಬ ಅಕ್ಷರಗಳ ಕೆಳಗೆ ಕಪ್ಪು ಕನ್ನಡಕ ಧರಿಸಿ ಕೈಮುಗಿದ ಅಮರೇಶ ಆಳೆತ್ತರಕ್ಕೆ ನಿಂತಿದ್ದ. ಅವನ ಮೊಣಕೈಯ ಬಳಿ, ಅಂಚೆಚೀಟಿಯಷ್ಟು ಜಾಗದಲ್ಲಿ, ದಿವಂಗತರು. ಸತ್ತವನು ಯಾರೆಂದು ನೋಡುವವರು ಗೊಂದಲಗೊಳ್ಳಬಾರದೆಂಬ ಕನಿಷ್ಠ ವಿವೇಕವೂ ಇಲ್ಲದ ನಾಗರಿಕತೆ ಇದು.

ದಿವಂಗತರು ಈ ಹೊತ್ತಿಗೆ ತಾರಸಿ ಸೇರಿದ್ದರು. ಸುಳ್ಳು ಹೊರಬಿದ್ದರೆ ಶಾಸ್ತ್ರ ಕೆಡುತ್ತದೆಂದು ಬೋರಮ್ಮನವರೇ ಅವರನ್ನು ಮೇಲಕ್ಕೆ ಅಟ್ಟಿದ್ದರು. ಈ ಸಲ ಕೈಯಲ್ಲಿ ಛತ್ರಿಯಿತ್ತು. ಸಂಡಿಗೆಯ ಸಾಲುಗಳ ನಡುವೆ ಕುಕ್ಕರುಗಾಲಿನಲ್ಲಿ ಕುಳಿತು, ಪ್ಯಾರಪೆಟ್ಟಿನ ಸಂದಿಯಿಂದ ಅವರು ತಮ್ಮ ಅಂತಿಮ ದರ್ಶನಕ್ಕೆ ಬಂದವರನ್ನು ದರ್ಶಿಸತೊಡಗಿದರು. ದೂರದಲ್ಲಿ ಪೈಪ್‌ಲೈನ್ ರಸ್ತೆ ಕಾಣುತ್ತಿತ್ತು. ಒಂದು ಅಂಗಡಿಯೂ ಮುಚ್ಚಿರಲಿಲ್ಲ. ಬೇಕರಿಯವನಂತೂ ಎಂದಿಗಿಂತ ಹೆಚ್ಚು ವ್ಯಾಪಾರ ಮಾಡುತ್ತಿದ್ದ.

ಆಗ ಕರೆಂಟು ಹೋಯಿತು. ಅದೇ ಹೊತ್ತಿಗೆ ಅಮರೇಶ ಹೇಳಿಕಳುಹಿಸಿದ್ದ ಫ್ರೀಜರ್ ಪೆಟ್ಟಿಗೆ, ಬಿಸಿಲಿನಲ್ಲಿ ಶವ ಕೆಡದಂತೆ ಇಡುವ ಆ ಗಾಜಿನ ಪೆಟ್ಟಿಗೆ, ತನ್ನದೇ ಜನರೇಟರಿನೊಂದಿಗೆ ಟೆಂಪೋದಲ್ಲಿ ಬಂದಿಳಿಯಿತು. ಮಾರೇನಹಳ್ಳಿಯಲ್ಲಿ ಆ ಕ್ಷಣಕ್ಕೆ ತಂಪಾಗಿದ್ದ ವಸ್ತು ಅದೊಂದೇ. ಜನ ದುಃಖದಿಂದಲೋ ಎಂಬಂತೆ ಅದಕ್ಕೆ ಒರಗಿ ನಿಂತರು. ಒಬ್ಬರು ಕೆನ್ನೆಯನ್ನೇ ಒತ್ತಿದರು.

"ಅಮರೇಶಣ್ಣಾ, ಬಾಡಿ ಆಸ್ಪತ್ರೆಯಿಂದ ಬರೋದು ಲೇಟ್ ಅಂತೆ. ಮಜ್ಜಿಗೆ ಪ್ಯಾಕೆಟ್ ಬಿಸಿ ಆಗ್ತಿದೆ" ಎಂದ ಒಬ್ಬ.

"ಹಂಗಾದ್ರೆ ಅಲ್ಲೀವರ್ಗೂ ಒಳಗಿಡು ಮಗಾ. ವೇಸ್ಟ್ ಯಾಕೆ?"

ಭೈರೇಶ್ ಅವರಿಗಾಗಿ ತಂದ ಪೆಟ್ಟಿಗೆಯಲ್ಲಿ ಮಜ್ಜಿಗೆಯನ್ನು ಮಲಗಿಸಲಾಯಿತು. ತಾರಸಿಯ ಮೇಲೆ ಬೇಯುತ್ತಿದ್ದ ಭೈರೇಶ್ ಅದನ್ನು ನೋಡಿ, ಜೀವಮಾನದಲ್ಲಿ ಮೊದಲ ಬಾರಿಗೆ, ಸತ್ತಿದ್ದರೆ ಚೆನ್ನಾಗಿತ್ತಲ್ಲ ಎಂದುಕೊಂಡರಂತೆ.

ಇತ್ತ ಬೋರಮ್ಮನವರು ಒಣಗಿದ ತುಟಿಯನ್ನು ಸೆರಗಿನಿಂದ ಒರೆಸಿಕೊಳ್ಳುತ್ತ, ಬಂದವರ ನಡುವೆ ಓಡಾಡಿ, ಒಬ್ಬೊಬ್ಬರ ಮುಖವನ್ನೂ ಹತ್ತಿರದಿಂದ ನೋಡುತ್ತಿದ್ದರು. ಪಾಪ, ಪುತ್ರಶೋಕದಿಂದ ಭ್ರಮೆಯಾಗಿದೆ ಎಂದು ಜನ ದಾರಿ ಬಿಡುತ್ತಿದ್ದರು. ಅಮರೇಶ ಮುಖ ಒರೆಸಿಕೊಂಡದ್ದನ್ನು ಕಂಡು ಅವರು ಆಸೆಯಿಂದ ಓಡಿಬಂದು ಅವನ ಕಪ್ಪು ಕನ್ನಡಕವನ್ನೇ ಎತ್ತಿ ನೋಡಿದರು.

"ಏನಜ್ಜೀ?"

"ಏನಿಲ್ಲ ಬಿಡಪ್ಪಾ. ಬೆವರು."

ಮುದುಕಿಯ ಕಾಲು ಸೋಲುತ್ತಿತ್ತು. ಲತಾ ಗುಟ್ಟಾಗಿ ಮಾತ್ರೆ, ನೀರು ತಂದರೆ ಅವರು ಬಾಯಿ ಬಿಗಿಹಿಡಿದರು. ಆಗಲೇ ರಸ್ತೆ ಅಡ್ಡಗಟ್ಟಿದ್ದ ಶಾಮಿಯಾನವನ್ನು ವಿಚಾರಿಸಲು ಹೆಡ್ ಕಾನ್‌ಸ್ಟೆಬಲ್ ಕಲ್ಮೇಶ್ ಬೈಕಿನಲ್ಲಿ ಬಂದಿಳಿದರು. ಉತ್ತರದ ಕಡೆಯವರು, ಧ್ವನಿ ದೊಡ್ಡದು.

"ಯಾರ‍್ರೀ ಇದನ್ನ ನಡುರಸ್ತ್ಯಾಗ ಹಾಕಿದವ್ರು? ತೀರ‍್ಕೊಂಡವ್ರು ಯಾರು? ಬಾಡಿ ಎಲ್ಲೈತ್ರೀ?"

ಲತಾ ಸುಳ್ಳು ಹೇಳುವುದರಲ್ಲಿ ಪಳಗಿದವರಲ್ಲ. "ಮೇಲಿದೆ ಸಾರ್" ಎಂದುಬಿಟ್ಟರು.

"ಮ್ಯಾಲ? ಮ್ಯಾಲ ಏನ್ ಮಾಡಾಕತ್ತೈತ್ರೀ ಅದು?"

ಹಸಿವು, ಬಿಸಿಲು, ಭಯಗಳಿಂದ ಬಸವಳಿದಿದ್ದ ಬೋರಮ್ಮನವರು ಉತ್ತರಿಸಿದರು: "ಸಂಡಿಗೆ ಕಾಯ್ತಾ ಅದೆ ಸ್ವಾಮಿ."

ಕಲ್ಮೇಶ್ ಒಂದು ಕ್ಷಣ ಟೋಪಿ ತೆಗೆದು, ನೆತ್ತಿ ಒರೆಸಿಕೊಂಡು, ಮತ್ತೆ ಹಾಕಿಕೊಂಡರು. ಆಮೇಲೆ ಮೆಟ್ಟಿಲು ಹತ್ತಿದರು. ಛತ್ರಿಯ ಕೆಳಗೆ ಕುಳಿತಿದ್ದ ಭೈರೇಶ್ ಎದ್ದು ನಮಸ್ಕರಿಸಿದರು.

"ನೀವ್ಯಾರ‍್ರೀ?"

"ತೀರ್ಕೊಂಡಿರೋನು ನಾನೇ ಸಾರ್."

ವಿಷಯವೆಲ್ಲ ತಿಳಿದ ಮೇಲೆ ಪೊಲೀಸರು ಗುಡುಗುವರೆಂದು ಭೈರೇಶ್ ಕಣ್ಣು ಮುಚ್ಚಿಕೊಂಡರು. ಆದರೆ ಕಲ್ಮೇಶ್ ಅವರ ಧ್ವನಿ ಇಳಿದಿತ್ತು. "ಕಾಗಿ ಮುಟ್ಟಿತೇನ್ರೀ? ಮೊದಲ ಹೇಳಬಾರದ? ನಮ್ಮತ್ತಿ ಶಾಂತವ್ವಗೂ ಹಿಂಗ ಆಗಿತ್ತು. ಯಾರರ ಅತ್ರೇನು?"

"ಇಲ್ಲ ಸಾರ್. ಇಷ್ಟು ಜನ ಬಂದಿದಾರೆ. ಒಬ್ಬರೂ ಇಲ್ಲ."

ಅದನ್ನು ಹೇಳುವಾಗ ಭೈರೇಶ್ ಅವರ ಧ್ವನಿಯಲ್ಲಿ ಕೋಟು ಹಾಕಿಕೊಂಡ ಮನುಷ್ಯನ ಗತ್ತು ಉಳಿದಿರಲಿಲ್ಲ. ಕಲ್ಮೇಶ್ ಒಂದು ಹಸಿ ಸಂಡಿಗೆಯನ್ನು ಬಾಯಿಗೆ ಹಾಕಿಕೊಂಡು, "ಆತು ತಗೋರಿ. ಸಂಜೀತನಾ ಶಾಮಿಯಾನ ಇರಲಿ. ಅಷ್ಟರಾಗ ಯಾರನ್ನರ ಅಳಸ್ರಿ" ಎಂದು ಇಳಿದುಹೋದರು. ಕೆಳಗೆ ಜನರನ್ನು ನೋಡಿ, "ಏನ್ ನಿಂತೀರಿ ಮಾರಿ ನೋಡ್ಕೋತ? ಸ್ವಲ್ಪ ಅಳ್ರೆಪಾ!" ಎಂದು ಗದರಿದರು. ಜನ ಹೆದರಿ ಇನ್ನೊಂದು ಪ್ಯಾಕೆಟ್ ಮಜ್ಜಿಗೆ ಕುಡಿದರು.

ಬಿಸಿಲು ಪಡುವಲಿಗೆ ವಾಲಿತ್ತು. ಬೋರಮ್ಮನವರು ಗೋಡೆಗೊರಗಿ ಕಣ್ಣು ಮುಚ್ಚಿದ್ದರು. ಇನ್ನು ಡಾಕ್ಟರನ್ನೇ ಕರೆಸಬೇಕೆಂದು ಲತಾ ಮೊಬೈಲ್ ಕೈಗೆತ್ತಿಕೊಂಡಾಗ, ಪಕ್ಕದ ಮನೆಯ ಗಿರಿಜಾದೇವಿಯವರು ಗೃಹಪ್ರವೇಶದ ರೇಷ್ಮೆ ಸೀರೆಯಲ್ಲಿಯೇ ಓಡುತ್ತ ಬಂದರು.

"ಬೋರಮ್ಮನೋರೇ, ಸ್ವಲ್ಪ ಬನ್ನಿ. ನಮ್ಮನೆಯವ್ರು ಕಾರಿಂದ ಇಳೀತಾನೇ ಇಲ್ಲ. ಮೂಲೇಲಿ ಆ ಫ್ಲೆಕ್ಸ್ ನೋಡಿದ್ರು, ಅಷ್ಟೇ. ಗ್ಲಾಸ್ ಏರಿಸ್ಕೊಂಡು, ಲಾಕ್ ಮಾಡ್ಕೊಂಡು, ರಣಬಿಸಿಲಲ್ಲಿ ಕೂತುಬಿಟ್ಟಿದಾರೆ. ಸ್ಕೂಟರ್ ಸ್ವಲ್ಪ ಸರಿಸಿದ್ರೆ ನೆರಳಲ್ಲಿ ಜಾಗ ಆಗುತ್ತೆ, ಅಲ್ಲಿ ಹಾಕಿ ಅಂದೆ. ಅದು ಭೈರೇಶ್ ಜಾಗ, ಮುಟ್ಟಲ್ಲ ಅಂತಾರೆ!"

ಗಂಗಾಧರಯ್ಯನವರು ಕ್ರಾಸಿನ ಮೊಬೈಲ್ ಗುಂಪಿನಲ್ಲಿರಲಿಲ್ಲ. ಹಿಂದಿನ ಬೇಸಿಗೆಯ ನೆರಳಿನ ಜಗಳದಲ್ಲಿ ಮುನಿದು ಹೊರನಡೆದಿದ್ದರು. ಹಾಗಾಗಿ ಜೋಡಿಸಿದ ಕೈಗಳನ್ನು ಕಳುಹಿಸಿ ಮುಗಿಸುವ ಸೌಲಭ್ಯ ಅವರಿಗಿರಲಿಲ್ಲ. ಬೋರಮ್ಮನವರು ಸೊಸೆಯ 'ನಿಧಾನ, ನಿಧಾನ' ಎಂಬ ಮಾತಿಗೆ ಕಿವಿಗೊಡದೆ ಎದ್ದು ಹೋಗಿ ಕಾರಿನ ಗಾಜನ್ನು ಬಡಿದರು. ಗಾಜು ಇಳಿಯಿತು. ಒಳಗೆ ಗಂಗಾಧರಯ್ಯನವರು ಸ್ಟೀರಿಂಗಿನ ಮೇಲೆ ಹಣೆಯಿಟ್ಟು, ಚಿಕ್ಕ ಮಗುವಿನಂತೆ ಬಿಕ್ಕುತ್ತಿದ್ದರು.

"ಬೆಳಗ್ಗೆ... ಭಗವಂತನೇ ತನ್ನ ಸ್ಕೂಟರ್ ನಿಲ್ಲಿಸ್ಲಿ ಅಂದ್ಬಿಟ್ಟೆ ಕಣಮ್ಮಾ... ಭಗವಂತ ಇಷ್ಟು ಬೇಗ ಕರ್ಕೋತಾನೆ ಅಂತ ಯಾರಿಗ್ಗೊತ್ತಿತ್ತು? ನಾಳೆ ಬೆಳಗ್ಗೆ ಎದ್ದು ನಾನು ಯಾರನ್ನ ಬೈಲಿ? ಬೇರೆಯವ್ರು ಯಾರೂ ತಿರುಗಿಸಿ ಮಾತೇ ಆಡಲ್ಲ ಕಣಮ್ಮಾ..."

ಬೋರಮ್ಮನವರಿಗೆ ಮಾತು ಬೇಕಿರಲಿಲ್ಲ. ಅವರು ಗಂಗಾಧರಯ್ಯನವರ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. ಜನ ಸುತ್ತುವರಿದರು.

"ಅಜ್ಜೀ, ಅದೂ ಬೆವರೇ ಇರ್ಬೇಕು" ಎಂದ ಅಮರೇಶ.

"ಬಾಯ್ಮುಚ್ಕಂಡಿರ‍್ಲಾ. ಬೆವರು ಹಣೆಯಿಂದ ಇಳೀತದೆ. ಇದು ಕಣ್ಣಿಂದ ಇಳೀತೈತೆ." ತೀರ್ಪು ಕೊಟ್ಟ ಬೋರಮ್ಮನವರು ತಾರಸಿಯತ್ತ ಮುಖವೆತ್ತಿ, ಉಪವಾಸವನ್ನೆಲ್ಲ ಮರೆತ ಧ್ವನಿಯಲ್ಲಿ ಕೂಗಿದರು: "ಇಳಿದು ಬಾರ‍್ಲಾ ಭೈರೇಶಾ! ಅತ್ತ ಕಣ್ಲಾ, ಗಂಗಾಧರಯ್ಯ ಅತ್ತ!"

ಛತ್ರಿ ಹಿಡಿದ ದಿವಂಗತರು ಮೆಟ್ಟಿಲಿಳಿದು ಬಂದದ್ದನ್ನು ಕಂಡು ಒಬ್ಬರು ಚೀರಿದರು. ಇಬ್ಬರು ಕಾಲಿಗೆ ಬಿದ್ದರು. ಅಮರೇಶ ಮಾತ್ರ ನಿಜವಾಗಿಯೂ ನೊಂದಿದ್ದ. "ಏನಣ್ಣಾ ಇದು, ಫ್ಲೆಕ್ಸ್ ಇಂಕೇ ಒಣಗಿಲ್ಲ, ಆಗ್ಲೇ ಎದ್ದು ಬಂದ್ರೆ ಹೆಂಗಣ್ಣಾ? ಕತ್ತಲಾಗೋವರ್ಗಾದ್ರೂ ಇರ್ಬೇಕಿತ್ತು."

ಗಂಗಾಧರಯ್ಯನವರು ಕಾರಿನಿಂದಿಳಿದರು. ಎದುರಿಗೆ ನಿಂತ ಭೈರೇಶ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೋರಮ್ಮನವರು ಅವರ ಬಾಯಿಗೆ ಬೆಲ್ಲದ ಚೂರು ತುರುಕಿ ವಿಷಯ ತಿಳಿಸಿದರು. ಅವರು ಬೆಲ್ಲವನ್ನು ಪೂರ್ತಿ ಕರಗಿಸಿ ನುಂಗಿದರು. ಆಮೇಲೆ ಕ್ರಾಸು ನಡುಗುವಂತೆ ಗರ್ಜಿಸಿದರು.

"ಸತ್ತಿಲ್ವಾ? ಹಾಗಾದ್ರೆ ಸ್ಕೂಟರ್ ತೆಗೀರೀ ನೆರಳಿಂದ!"

"ತೆಗ್ಯಲ್ಲ ಸಾರ್! ನೀವೇ ಅಂದ್ರಂತಲ್ಲಾ, ಅದು ಭೈರೇಶ್ ಜಾಗ ಅಂತ?"

"ಅದು ಸತ್ತ ಭೈರೇಶ್‌ಗೆ ಹೇಳಿದ್ದು ಕಣ್ರೀ!"

ಆ ಗದ್ದಲವನ್ನು ಸಂಗೀತದಂತೆ ಆಲಿಸುತ್ತ ಬೋರಮ್ಮನವರು ಒಳಗೆ ಹೋಗಿ, ಕರಿದ ಸಂಡಿಗೆಯೊಂದಿಗೆ ಮುದ್ದೆ ಉಂಡು, ಮಾತ್ರೆ ನುಂಗಿದರು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹೊಂಗೆ ಮರದ ಕಾಗೆಗೆ ಭೈರೇಶ್ ಬೇರೆ, ಗಂಗಾಧರಯ್ಯ ಬೇರೆ ಎಂಬ ಭೇದವಿಲ್ಲ. ಮರುದಿನ ಗಂಗಾಧರಯ್ಯನವರು ಬೇಗನೆದ್ದು ನೆರಳನ್ನು ಗೆದ್ದು, ಮಧ್ಯಾಹ್ನ ಅದೇ ನೆರಳಿನಲ್ಲಿ ಕಾರು ಒರೆಸುತ್ತಿದ್ದಾಗ ಆ ಕಾಗೆ ಅವರ ನೆತ್ತಿಯನ್ನೂ ಕುಟುಕಿತು. ಇಂಥದನ್ನೆಲ್ಲ ನಂಬುವವರಲ್ಲ ಅವರು. ನಂಬದೆಯೇ ತಲೆಗೆ ಸ್ನಾನ ಮಾಡಿದರು. ನಂಬದೆಯೇ ತಾರಸಿಗೆ ಹೋದರು. ನಂಬದೆಯೇ ಮೂಗು ಹಿಡಿದುಕೊಂಡು, ಧ್ವನಿ ಬದಲಿಸಿ, ಒಂದು ಫೋನ್ ಮಾಡಿದರು.

ಪಕ್ಕದ ತಾರಸಿಯಲ್ಲಿ ಛತ್ರಿ ಹಿಡಿದು ಸಂಡಿಗೆ ಕಾಯುತ್ತಿದ್ದ ಭೈರೇಶ್ ಅವರ ಮೊಬೈಲ್ ಬಡಿದುಕೊಂಡಿತು. ಪರದೆಯ ಮೇಲೆ 'ಗಂಗಾಧರಯ್ಯ, ಪಕ್ಕದ್ಮನೆ' ಎಂದಿತ್ತು.

"ಹಲೋ... ಗಂಗಾಧರಯ್ಯನೋರು ಹೋಗ್ಬಿಟ್ರು ಕಣ್ರೀ."

ಸತ್ತವರ ಫೋನಿನಿಂದ ಸತ್ತವರೇ ಏಕೆ ಮಾತಾಡುತ್ತಾರೆಂದು ಯೋಚಿಸುವಷ್ಟು ಪುರುಸೊತ್ತು ಭೈರೇಶ್ ಅವರ ಹೃದಯಕ್ಕಿರಲಿಲ್ಲ. ಛತ್ರಿ ಕೈಜಾರಿತು. ಕಾಗೆಗಳು ಸಂಡಿಗೆಗೆ ಮುತ್ತಿದವು. ಅವರು ತಾರಸಿಯ ನಡುವೆ ನಿಂತು ಗಳಗಳನೆ ಅತ್ತರು. ನೀರು ತುಂಬಿದ ಕಣ್ಣಿಗೆ ಪಕ್ಕದ ತಾರಸಿಯಲ್ಲಿ, ಮೊಬೈಲ್ ಹಿಡಿದು ನಿಂತಿದ್ದ ಪರಿಚಿತ ಆಕೃತಿಯೊಂದು ಕಂಡಿತು. ದುಃಖದಲ್ಲಿ ಮೊದಲು ನೆನಪಾಗುವವರು ನೆರೆಯವರಲ್ಲವೇ? ಭೈರೇಶ್ ಗೋಡೆಯ ಬಳಿಗೆ ಓಡಿ, ಎದೆ ಬಡಿದುಕೊಂಡು ಕೂಗಿದರು:

"ಸಾರ್! ಗಂಗಾಧರಯ್ಯನೋರೇ! ಗಂಗಾಧರಯ್ಯ ಹೋಗ್ಬಿಟ್ರಂತೆ ಸಾರ್!"

ಗಂಗಾಧರಯ್ಯನವರು ಮೂಗಿನಿಂದ ಕೈ ತೆಗೆದರು. ಅವರ ಕಣ್ಣೂ ಒದ್ದೆಯಾಗಿತ್ತು.

"ಹೌದೇನ್ರೀ?" ಎಂದರು ಮೆಲ್ಲಗೆ. "ಒಳ್ಳೇ ಮನುಷ್ಯ ಕಣ್ರೀ."

ಓದುಗರೇ, ನಿಮ್ಮ ಮೊಬೈಲಿನಲ್ಲಿ ಎಷ್ಟು ಜೊತೆ ಕೈಗಳು ಬಂದು ಬಿದ್ದಿವೆಯೆಂದು ನಾನು ಕೇಳುವುದಿಲ್ಲ. ಈ ಪುಟವನ್ನು ಮಡಿಸಿಟ್ಟು ಎದ್ದೇಳಿ. ನಿಮ್ಮ ಕ್ರಾಸಿನಲ್ಲಿ ನೆರಳಿಗೋ ನೀರಿಗೋ ಗೇಟಿಗೋ ನಿಮ್ಮೊಡನೆ ಬಿಡದೆ ಜಗಳವಾಡುವವರೊಬ್ಬರು ಇದ್ದೇ ಇರುತ್ತಾರೆ. ಒಂದು ತಟ್ಟೆ ಸಂಡಿಗೆ ಕರಿದುಕೊಂಡು ಈಗಲೇ ಅವರ ಮನೆಗೆ ಹೋಗಿ. ಕೊಟ್ಟು, ಕುಳಿತು, ತೃಪ್ತಿಯಾಗುವಷ್ಟು ಜಗಳವಾಡಿ ಬನ್ನಿ. ದಾರಿಯಲ್ಲಿ ಹೊಂಗೆ ಮರವಿದ್ದರೆ ದಯವಿಟ್ಟು ಛತ್ರಿ ಹಿಡಿದುಕೊಳ್ಳಿ.